ಆಲಿಕಲ್ಲಿನ ಅಧ್ಯಾಯ

ದತ್ತಾತ್ರಿ ಕಡೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಪಿಎಚ್‌ಡಿಗೆ ಅವರು ಹಿಡಿದಿದ್ದ ವಿಷಯ ಹಳೆಯ ಟಿಬೆಟ್ಟಿನ ಆಡಳಿತ. ಆರು ವರ್ಷದ ಓದಿನಲ್ಲಿ ಅವರಿಗೆ ಮನಸ್ಸು ಹತ್ತಿದ್ದು ಒಂದೇ ಅಧ್ಯಾಯಕ್ಕೆ. ಹೊಲಗಳ ಮೇಲೆ ಆಲಿಕಲ್ಲು ಬೀಳದಂತೆ ಮಂತ್ರ ಹಾಕಲು ಸರ್ಕಾರವೇ ನೇಮಿಸುತ್ತಿದ್ದ ಮಾಂತ್ರಿಕರ ಬಗೆಗಿನ ಅಧ್ಯಾಯ ಅದು.

೧೯೭೯ರಲ್ಲಿ ಮಾರ್ಗದರ್ಶಕ ಲಕ್ಷ್ಮೀಪತಿಯವರು ಅದನ್ನು ಮೂರನೇ ಸಲ ವಾಪಸ್ ಕೊಟ್ಟರು.

"ಧರ್ಮ ಇರಲಿ, ರಾಜಕೀಯ ಇರಲಿ. ಈ ಮಾಟಮಂತ್ರ ತೆಗೀರಿ. ಜನ ನಗ್ತಾರೆ."

"ಸಾರ್, ಅಲ್ಲಿ ಮೂರನ್ನೂ ಬೇರೆ ಮಾಡೋಕೇ ಆಗಲ್ಲ. ಬೆಳೆ ಹಾಳಾದ್ರೆ ಮಾಂತ್ರಿಕನ್ನ ಅಧಿಕಾರಿಗಳು ವಿಚಾರಣೆ ಮಾಡ್ತಿದ್ರು."

"ಕಂಡೋರು ಯಾರು? ಸಾಕ್ಷಿ ತನ್ನಿ."

ಆ ಚಳಿಗಾಲ ಬೈಲಕುಪ್ಪೆಯ ಟಿಬೆಟನ್ನರು ಎಂದಿನಂತೆ ಕಡೂರಿನ ಬಸ್ ಸ್ಟ್ಯಾಂಡಿನ ಬಳಿ ಸ್ವೆಟರ್ ಮಾರಲು ಬಂದರು. ದತ್ತಾತ್ರಿ ಒಬ್ಬೊಬ್ಬರನ್ನೂ ವಿಚಾರಿಸಿದರು. ಪೆಂಪಾ ಎಂಬ ಮುದುಕನ ತಂದೆ ಆಲಿಕಲ್ಲು ತಡೆಯುವ ಕೆಲಸದಲ್ಲೇ ಇದ್ದವನು!

"ಅಪ್ಪ ಗುಡ್ಡದ ಮೇಲೆ ಕೂತು ಮಂತ್ರ ಹೇಳೋದು. ಒಂದು ವರ್ಷ ಕಲ್ಲು ಬಿತ್ತು, ಬಾರ್ಲಿ ಎಲ್ಲ ಹೋಯ್ತು. ಆಫೀಸರ್ ಬಂದ. ಅಪ್ಪನಿಗೆ ಏಟು."

"ನೇಮಕದ ಕಾಗದ ಏನಾದ್ರೂ ಇದೆಯಾ?"

ಪೆಂಪಾ ಅವರನ್ನೇ ನೋಡಿದ. "ಓಡಿ ಬರೋವಾಗ ಮಗು ಎತ್ಕೊಂಡೆ. ಕಾಗದ ಯಾರು ಎತ್ಕೋತಾರೆ?"

ಕೇಳಬಾರದಿತ್ತು ಅನ್ನಿಸಿತು ದತ್ತಾತ್ರಿಗೆ. ಆದರೂ ಅವನು ಹೇಳಿದ್ದನ್ನೆಲ್ಲ ಬರೆದು ಲಕ್ಷ್ಮೀಪತಿಯವರ ಮುಂದಿಟ್ಟರು. ಅವರು ಮೊದಲ ಹಾಳೆ ದಾಟಲಿಲ್ಲ.

"ಸ್ವೆಟರ್ ಮಾರೋನ ಮಾತು ಆಧಾರ ಆಗುತ್ತೇನ್ರೀ?"

ಮನೆಗೆ ಬಂದ ದತ್ತಾತ್ರಿ ಚೀಲ ಎಸೆದು ಕೂತರು. ಹೆಂಡತಿ ಲಲಿತಮ್ಮನಿಗೂ ಸಾಕಾಗಿತ್ತು. "ಆ ಅಧ್ಯಾಯ ಕಿತ್ತಾಕಿ ಕೊಟ್ಬಿಡಿ ಅತ್ಲಾಗೆ. ಇನ್ನೆಷ್ಟು ವರ್ಷ ಹಿಂಗೆ ಕುದೀತೀರ?"

ನಲವತ್ತು ಪುಟ ಕಿತ್ತರು. ಅದರ ಜಾಗದಲ್ಲಿ ಒಂದೇ ಸಾಲು ಬರೆದರು: ಬೆಳೆ ರಕ್ಷಣೆಗೆ ಸರ್ಕಾರ ಸೂಕ್ತ ವ್ಯವಸ್ಥೆ ಮಾಡಿತ್ತು.

೧೯೮೧ರ ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದಿದ್ದ ಪರೀಕ್ಷಕರು ಆ ಸಾಲಿನ ಮೇಲೇ ಬೆರಳಿಟ್ಟರು.

"ಏನು ವ್ಯವಸ್ಥೆ? ಆಲಿಕಲ್ಲು ತಡೆಯೋ ಮಾಂತ್ರಿಕರಿದ್ದರಲ್ಲ, ಅವರ ಸುದ್ದಿನೇ ಇಲ್ಲ?"

ದತ್ತಾತ್ರಿ ಲಕ್ಷ್ಮೀಪತಿಯವರ ಕಡೆ ತಿರುಗಿದರು. ಅವರು ಫೈಲಿನಲ್ಲಿ ಏನೋ ಹುಡುಕುತ್ತಿದ್ದರು. ನಿಜ ದತ್ತಾತ್ರಿಯವರ ನಾಲಿಗೆಯ ತುದಿಗೆ ಬಂತು. ಪದವಿ ತಪ್ಪಿಹೋದೀತೆಂಬ ಹೆದರಿಕೆಯೂ ಬಂತು.

"ಸಾಕ್ಷಿ ಸಿಗಲಿಲ್ಲ ಸಾರ್," ಅಂದರು.

ಪದವಿ ಸಿಕ್ಕಿತು. ಸಂಜೆ ಲಲಿತಮ್ಮ ಸಿಹಿ ಮಾಡಿಟ್ಟು ಕಾಯುತ್ತಿದ್ದಳು. ದತ್ತಾತ್ರಿ ತಟ್ಟೆ ಮುಟ್ಟಲಿಲ್ಲ.

"ಲಕ್ಷ್ಮೀಪತಿಯವರು ಬಾಯಿ ಬಿಡ್ಲಿಲ್ಲ, ಸರಿ. ಪೆಂಪಾ ಅಷ್ಟೆಲ್ಲ ಹೇಳಿದ್ರೂ ನಾನೂ ಸಾಕ್ಷಿ ಸಿಗಲಿಲ್ಲ ಅಂದ್ಬಿಟ್ಟೆ ಕಣೇ," ಅಂದರು.