ಉಂಡೆಯ ಉಪವಾಸ

ಇಕ್ಕಳದ ತುದಿಯಲ್ಲಿ ಇಲಿಯನ್ನು ತೂಗಾಡಿಸುತ್ತ ಅವಳು ಮೊಣಕಾಲೂರಿ ಕೂತು ಹತ್ತು ನಿಮಿಷವಾಗಿತ್ತು. ಫ್ರೀಜರಿನಿಂದ ತೆಗೆದು, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ್ದ ಸತ್ತ ಇಲಿ ಮತ್ತೆ ತಣ್ಣಗಾಗತೊಡಗಿತ್ತು. ಗಾಜಿನ ಪೆಟ್ಟಿಗೆಯೊಳಗಿನ ಹೆಬ್ಬಾವು ತಲೆಯೆತ್ತಿತು, ನಾಲಿಗೆ ಚಾಚಿತು, ಆಮೇಲೆ ಬೇಡದ ನೆಂಟರನ್ನು ಕಂಡವರಂತೆ ಮುಖ ತಿರುಗಿಸಿ ತನ್ನ ಗೂಡಿನೊಳಗೆ ಸರಿದುಹೋಯಿತು. ಇದು ಐದನೆಯ ವಾರ.

ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ, "ಹೆಸರು ಉಂಡೆ. ಉಂಡಿದ್ದು ಮಾತ್ರ ಇಲ್ಲ," ಎಂದ. "ನಿನ್ನ ಕೈ ಊಟಕ್ಕೆ ನಾನೊಬ್ಬನೇ ಗತಿ ನೋಡು."

"ಸುಮ್ನಿರಪ್ಪಾ. ಬೆಳಗ್ಗೆಯಿಂದ ನಿಂತೂ ನಿಂತೂ ಸೊಂಟ ಬಿದ್ದುಹೋಗಿದೆ."

ಅವಳು ಡಯಾಲಿಸಿಸ್ ವಿಭಾಗದ ನರ್ಸು. ಹಾವು ಅವಳದಲ್ಲ, ಡ್ರಾಯಿಂಗ್ ಮೇಷ್ಟ್ರದು. ನಾಲ್ಕು ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರ ಬಂದು, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಮಲಗುತ್ತಿದ್ದ ಒಂಟಿ ಮನುಷ್ಯ. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತಾಗುವ ಬಾಲ್ ಪೈಥಾನ್ ಜಾತಿಯ ಹಾವು. ಅದಕ್ಕೇ ಅವರು ಉಂಡೆ ಎಂದು ಕರೆದಿದ್ದರು. ಒಬ್ಬರೇ ಇರಲು ಕೈಲಾಗದೆ ತಂಗಿಯ ಮನೆ ಸೇರುವಾಗ, ಹಾವು ಒಳಗೆ ಬಂದರೆ ತಾನು ಹೊರಗೆ ಎಂದಿದ್ದಳಂತೆ ಆ ತಂಗಿ. "ಸಿಸ್ಟರ್, ನೀವು ನೋಡ್ಕೋತೀರಾ?" ಎಂದು ಮೇಷ್ಟ್ರು ಕೇಳಿದ ದಿನ ಅವಳು ಎಷ್ಟು ದಣಿದಿದ್ದಳೆಂದರೆ, ಆಗಲ್ಲ ಎಂದರೆ ಕಾರಣ ಹೇಳಬೇಕು, ಆಯ್ತು ಎಂದರೆ ಮಾತು ಮುಗಿಯುತ್ತದೆ ಎಂದುಕೊಂಡು ಆಯ್ತು ಎಂದುಬಿಟ್ಟಳು.

ಹುಟ್ಟಿದಾಗಿನಿಂದ ಒಂದು ಗಿಳಿಯನ್ನೂ ಸಾಕಿದವಳಲ್ಲ. ಮೇಷ್ಟ್ರು ದುಂಡಕ್ಷರದಲ್ಲಿ ಬರೆದುಕೊಟ್ಟ ಹಾಳೆಯನ್ನು ಬೀರುವಿಗೆ ಅಂಟಿಸಿಕೊಂಡು ಅದರಂತೆಯೇ ನಡೆದಳು. ಪೆಟ್ಟಿಗೆಯ ಒಂದು ಬದಿ ಮೂವತ್ತೆರಡು ಡಿಗ್ರಿ ಶಾಖ, ಇನ್ನೊಂದು ಬದಿ ಇಪ್ಪತ್ತಾರು. ದಿನಾ ಹೊಸ ನೀರು. ಪೆಟ್ಟಿಗೆ ಒರೆಸುವಾಗ ಕೈಗೆ ದಪ್ಪ ಗವಸು ಹಾಕಿ, ಉಸಿರು ಬಿಗಿಹಿಡಿದು ಹಾವನ್ನು ಬಕೆಟ್ಟಿಗೆ ದಾಟಿಸುತ್ತಿದ್ದಳು. ಎಲ್ಲ ಸರಿ, ಊಟವೊಂದಿಲ್ಲ.

"ತಿಂತಾ?" ಎಂದು ಮೇಷ್ಟ್ರು ಮೊದಲ ಸೋಮವಾರವೇ ಕೇಳಿದ್ದರು.

"ತಿಂತು, ಮೇಷ್ಟ್ರೇ."

ಸೂಜಿಗೆ ತೋಳು ಚಾಚಿದವರ ಮುಂದೆ ಇನ್ನೇನು ಹೇಳುವುದು? ಆಮೇಲೆ ಆ ಒಂದು ಸುಳ್ಳನ್ನು ಸಾಕಲು ವಾರಕ್ಕೊಂದು ಸುಳ್ಳು. ಗಬಕ್ಕನೆ ಹಿಡಿಯಿತು ಎಂದಳು, ಇನ್ನೊಂದು ಬೇಕೇನೋ ಎನ್ನುವ ಹಾಗೆ ನೋಡಿತು ಎಂದಳು. "ಒಳ್ಳೇದಾಯ್ತು ಬಿಡಿ," ಎಂದು ಅವರು ಗೋಡೆಯ ಕಡೆ ಹೊರಳುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಅವಳು ಮನೆಗೆ ಬಂದಾಗ ಪೆಟ್ಟಿಗೆಯ ಮುಚ್ಚಳ ಒಂದು ಬದಿ ಎದ್ದಿತ್ತು. ಬೆಳಗಿನ ಅವಸರದಲ್ಲಿ ಕೊಂಡಿ ಹಾಕುವುದನ್ನು ಮರೆತಿದ್ದಳು. ಮಂಚದ ಕೆಳಗೆ, ಒಲೆಯ ಹಿಂದೆ, ಚಪ್ಪಲಿಗಳ ನಡುವೆ ಹುಡುಕಿದಳು. "ಅಪ್ಪಾ! ಉಂಡೆ ಇಲ್ಲ!"

ಹೊರಕೋಣೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾನೆಂದು ಅವಳು ತಿಳಿದಿದ್ದ ಅಪ್ಪ ಕಣ್ಣು ಬಿಟ್ಟುಕೊಂಡೇ ಕೂತಿದ್ದ.

"ಕೂಗ್ಬೇಡ ಕಣೇ," ಎಂದ ಪಿಸುದನಿಯಲ್ಲಿ. "ಮಲಗಿದೆ."

ಮಂಡಿಗೆ ಶಾಖ ಕೊಡಲು ಇಟ್ಟುಕೊಂಡಿದ್ದ ಬಿಸಿನೀರಿನ ಚೀಲ. ಅದರ ಮೇಲೆ ಕಂಬಳಿ. ಕಂಬಳಿಯ ಮಡಿಕೆಯಲ್ಲಿ, ಅವನ ತೊಡೆಗಳ ನಡುವೆ, ಕಂದು ಮಚ್ಚೆಗಳ ಒಂದು ಸುರುಳಿ.

"ಯಾವಾಗಿಂದ?"

"ಹನ್ನೊಂದು ಗಂಟೆಯಿಂದ."

ಈಗ ಮೂರೂವರೆ. ಮೂವತ್ತನಾಲ್ಕು ವರ್ಷ ಬೀದಿ ಬೀದಿ ಅಂಚೆ ಹಂಚಿ ಮಂಡಿ ಸವೆಸಿಕೊಂಡ ಮನುಷ್ಯ. ಕಾಲಿಗೆ ಚಕ್ರ ಕಟ್ಟಿಕೊಂಡವನು. ಊಟಕ್ಕೂ ನೆಟ್ಟಗೆ ಕೂತದ್ದನ್ನು ಅವಳು ಕಂಡಿರಲಿಲ್ಲ.

"ಹೆದರಿಕೆ ಆಗ್ಲಿಲ್ವಾ?"

"ಪ್ರಾಣ ಬಾಯಿಗೆ ಬಂದಿತ್ತು. ಎಷ್ಟು ಹೊತ್ತೂಂತ ಹೆದರೋದು? ಅದಕ್ಕೂ ಸಾಕಾಯ್ತು, ನನಗೂ ಸಾಕಾಯ್ತು." ಸುರುಳಿಯ ಕಡೆ ಕಣ್ಣು ಹಾಯಿಸಿ ಅಂದ: "ನೀನು ದಿನ ಬಿಟ್ಟು ದಿನ ಅದರ ಮೂತಿಗೆ ಇಲಿ ಹಿಡ್ಕೊಂಡು ಕುಣೀತೀಯಲ್ಲ, ಯಾರ ಗಂಟಲಲ್ಲಿ ಇಳಿಯುತ್ತೆ ಹೇಳು? ಈಗ ಎತ್ಕೋ ತಾಯಿ. ಬಚ್ಚಲಿಗೆ ಹೋಗ್ಬೇಕು."

ಗವಸು ಹುಡುಕಲು ಹೊತ್ತಿರಲಿಲ್ಲ. ಬರಿಗೈಯಲ್ಲೇ ಎತ್ತಿದಳು. ತಣ್ಣಗಿರುತ್ತದೆ, ಜಾರುತ್ತದೆ ಎಂದುಕೊಂಡಿದ್ದಳು. ಹಾವಿನ ಮೈ ಒಣಒಣವಾಗಿತ್ತು, ಬೆಚ್ಚಗಿತ್ತು. ಅವಳ ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಅಲ್ಲಿಯೇ ನಿಂತಿತು.

ಮರುದಿನ ಮೇಷ್ಟ್ರು ಎಂದಿನಂತೆ ಕೇಳಿದರು. ಅವಳು ಅಂಟುಪಟ್ಟಿ ಹರಿಯುತ್ತ, ತಲೆಯೆತ್ತದೆ ಹೇಳಿದಳು: "ಇಲ್ಲ ಮೇಷ್ಟ್ರೇ. ಬಂದಾಗಿಂದ ಒಂದೂ ತಿಂದಿಲ್ಲ. ನಾನು ಸುಳ್ಳು ಹೇಳ್ತಿದ್ದೆ."

ಬೈಗುಳಕ್ಕೆ ಕಾದಳು. ಮೇಷ್ಟ್ರ ಬತ್ತಿದ ಮುಖ ಮೆಲ್ಲಗೆ ಅರಳಿತು.

"ಹೌದಾ? ನನ್ನ ಮನೆಗೆ ಬಂದಾಗ ಎರಡು ತಿಂಗಳು ತಿಂದಿರ್ಲಿಲ್ಲ. ನಿಮ್ಮನೇಲಿ ಮೊದಲನೇ ವಾರನೇ ತಿಂತು ಅಂದ್ರಲ್ಲ, ಆಗ..." ಯಂತ್ರದ ಕಡೆ ನೋಡಿದರು. "ಎಂಟು ವರ್ಷ ಸಾಕಿದವನನ್ನ ಎಂಟೇ ದಿನಕ್ಕೆ ಮರೀತಲ್ಲ ಅಂತ ಅನ್ನಿಸಿತ್ತು, ಸಿಸ್ಟರ್."

ಅವಳು ಹರಿದ ಅಂಟುಪಟ್ಟಿಯನ್ನು ಅವರ ತೋಳಿಗೆ ಮೆಲ್ಲಗೆ ಒತ್ತಿ ಅಂಟಿಸಿದಳು.

"ಪೆಟ್ಟಿಗೆ ಮೇಲೆ ಬಟ್ಟೆ ಮುಚ್ಚಿ, ನೀರಿಟ್ಟು, ಹದಿನೈದು ದಿನ ಅದರ ತಂಟೆಗೆ ಹೋಗ್ಬೇಡಿ," ಎಂದರು ಮೇಷ್ಟ್ರು. "ನೀವೂ ಸ್ವಲ್ಪ ನಿದ್ದೆ ಮಾಡಿ."

ಹಳೆಯ ದುಪ್ಪಟಿ ಹೊದಿಸಿದಳು. ಅಪ್ಪನೂ ಆ ಕೋಣೆಯಲ್ಲಿ ಕೆಮ್ಮನ್ನು ನುಂಗಿಕೊಂಡು ಓಡಾಡಿದ. ಮೂರನೆಯ ಭಾನುವಾರ ಸಂಜೆ ಗೂಡಿನ ಬಾಯಲ್ಲಿ ಇಲಿಯಿಟ್ಟು, ಬಾಗಿಲೆಳೆದುಕೊಂಡು ಬಂದಳು. ಗಂಟೆ ಬಿಟ್ಟು ದುಪ್ಪಟಿಯ ಅಂಚು ಎತ್ತಿದರೆ, ಹಾವಿನ ಬಾಯಿಂದ ಇಲಿಯ ಬಾಲದ ತುದಿಯಷ್ಟೇ ಹೊರಗಿತ್ತು. ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.

ಸೋಮವಾರ ಅವಳು ವೇಳೆಗೆ ಮುಂಚೆಯೇ ಬಂದರೂ ಬಟ್ಟೆ ಬದಲಿಸಿ ಒಳಗೆ ಬರುವಷ್ಟರಲ್ಲಿ ಬೇರೊಬ್ಬ ನರ್ಸು ಮೇಷ್ಟ್ರನ್ನು ಯಂತ್ರಕ್ಕೆ ಜೋಡಿಸಿಯಾಗಿತ್ತು. ಅವರಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೊಳವೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಎಬ್ಬಿಸಲು ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಮೂಲೆಯಲ್ಲಿದ್ದ ಸ್ಟೂಲನ್ನು ಸದ್ದಾಗದಂತೆ ಎತ್ತಿ ತಂದು, ಅವರು ಕಣ್ಣು ಬಿಟ್ಟರೆ ಮೊದಲು ಕಾಣುವ ಕಡೆ ಹಾಕಿಕೊಂಡು ಕೂತಳು.