ಕುಲಪತಿಗಳ ಒಂದು ಹೂಂ

ಕುಲಪತಿಗಳ ದಿನ ಶುರುವಾಗುತ್ತಿದ್ದುದೇ ಹೊಗಳಿಕೆಯಿಂದ. ಬೆಳಿಗ್ಗೆ ಅವರು ಕಚೇರಿಗೆ ಬಂದು ಕೂರುವ ಹೊತ್ತಿಗೆ ಮೇಜಿನ ಮೇಲೆ ಒಂದು ನೀಲಿ ಫೈಲು ಸಿದ್ಧವಾಗಿರುತ್ತಿತ್ತು. ಅವರ ಹೆಸರಿನ ಪುಟದಲ್ಲಿ ಹಿಂದಿನ ದಿನ ಹಾಕಿದ ಪೋಸ್ಟಿಗೆ ಜನ ಬರೆದ ಕಾಮೆಂಟುಗಳನ್ನು ವಿಶ್ವವಿದ್ಯಾಲಯದ ಪಿಆರ್‌ಓ ಪ್ರಿಂಟು ತೆಗೆಸಿ ಅದರಲ್ಲಿ ಇಡುತ್ತಿದ್ದ. ಎಲ್ಲ ಕಾಮೆಂಟೂ ಅಲ್ಲ ಎನ್ನಿ. ‘ಅಭಿನಂದನೆಗಳು ಸರ್’, ‘ನಿಮ್ಮಂಥವರು ಬೇಕು ಸರ್’, ಇಂಥವು ಮಾತ್ರ. ಬಡಿಸುವ ಮುಂಚೆ ಕಲ್ಲು ಆರಿಸುವುದು ತನ್ನ ಧರ್ಮವೆಂದು ಅವನು ತಿಳಿದಿದ್ದ. ಕಲ್ಲಿನ ಜೊತೆ ಅಕ್ಕಿಯೂ ಆಚೆ ಹೋಗುತ್ತಿದೆ ಎಂದು ಅವನಿಗೆ ಹೇಳುವವರಿರಲಿಲ್ಲ.

ಕುಲಪತಿಗಳು ಕೆಟ್ಟವರಲ್ಲ. ಜೀವಮಾನವೆಲ್ಲ ಭೂವಿಜ್ಞಾನ ಕಲಿಸಿದವರು, ಬಂಡೆಗಳ ನಡುವೆ ಬದುಕಿದವರು. ಬಂಡೆಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರಕ್ಕೆ ಕಾಯುವುದೂ ಇಲ್ಲ. ಅಂಥ ಮನುಷ್ಯನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, “ಈಗಿನ ಕಾಲದಲ್ಲಿ ನಾಯಕರಾದವರು ಜನರಿಗೆ ಕಾಣಿಸ್ಕೋಬೇಕು ಸರ್” ಎಂದರೆ ಅವರಾದರೂ ಏನು ಮಾಡಿಯಾರು? ಕಾಣಿಸಿಕೊಂಡರು. ರಿಬ್ಬನ್ ಕತ್ತರಿಸುತ್ತ, ಸಸಿಗೆ ನೀರೆರೆಯುತ್ತ, ಕೈ ಕುಲುಕುತ್ತ ದಿನಕ್ಕೊಂದು ಫೋಟೋದಲ್ಲಿ ಕಾಣಿಸಿಕೊಂಡರು. ಕಾಣಿಸದೇ ಹೋದದ್ದು ಮನೆಯಲ್ಲಿ ಮಾತ್ರ. ಮನೆಯೇನು ದೂರವಲ್ಲ, ಕಚೇರಿಯ ಹಿಂದೆಯೇ, ನಡುವೆ ಒಂದು ಗಿಡದ ಬೇಲಿ. ಆದರೂ ಮಧ್ಯಾಹ್ನದ ಊಟ ಕಚೇರಿಯಲ್ಲೇ ಆಗುತ್ತಿತ್ತು. ಹೆಂಡತಿಗೆ ಆಸ್ಪತ್ರೆಯ ಡ್ಯೂಟಿ. ಮನೆಯಲ್ಲಿ ಉಳಿಯುತ್ತಿದ್ದವಳು ಅವರ ತಾಯಿ ಒಬ್ಬಳೇ.

ಆ ಸೋಮವಾರ ಪಿಆರ್‌ಓ ಫೈಲು ಹಿಡಿದು ತಾನೇ ಒಳಗೆ ಬಂದ. ಮುಖ ಹರಳೆಣ್ಣೆ ಕುಡಿದಂತಿತ್ತು. ಮೇಲಿನ ಹಾಳೆಯಲ್ಲಿ ಹಿಂದಿನ ದಿನದ ಫೋಟೋ ಇತ್ತು. ಗ್ರಂಥಾಲಯಕ್ಕೆ ಬೀಗ, ಅದರ ಮೆಟ್ಟಿಲ ತುಂಬ ಚೀಲ ಹೊತ್ತ ವಿದ್ಯಾರ್ಥಿಗಳು. ಮುಂದೆ ಕೂತ ಹುಡುಗಿಯ ಕೈಯಲ್ಲಿ ಒಂದು ರಟ್ಟು: ‘ಹೂಂ ಅಂದ್ರಂತೆ, ಬೀಗದ ಕೈ ಎಲ್ಲಿ?’

“ಯಾರೋ ಕಿಡಿಗೇಡಿ ಸರ್. ತಮ್ಮ ಪರವಾಗಿ ಮಾತು ಕೊಡ್ತಿದ್ದಾರೆ. ‘ನಂಬರ್ ಹೇಳಿ’ ಅಂತ ಅಕೌಂಟಿನ ಹೆಸರು. ಕುಲಪತಿಗಳು ಹೂಂ ಅಂದಿದ್ದಾರೆ, ಭಾನುವಾರ ಲೈಬ್ರರಿ ತೆಗೀತಾರೆ, ಬನ್ನಿ ಅಂತ ತಮ್ಮ ಪುಟದಲ್ಲೇ ಬರೆದು ಹುಡುಗರನ್ನ ಕರೆದಿದ್ದಾರೆ. ಈ ಫೋಟೋ ಊರೆಲ್ಲ ಸುತ್ತುತಾ ಇದೆ. ನಾನು ನಿನ್ನೆನೇ ಬ್ಲಾಕ್ ಮಾಡ್ದೆ. ಪೊಲೀಸ್ ಕಂಪ್ಲೇಂಟೂ ರೆಡಿ ಇದೆ, ತಾವೊಂದು ಸಹಿ ಹಾಕಿದ್ರೆ ಮುಗೀತು.”

“ಇವರು ಮುಂಚೇನೂ ಬರೀತಿದ್ರಾ?”

“ವರ್ಷದಿಂದ ಬರೀತಿದ್ದಾರೆ ಸರ್. ತಲೆಕೆಟ್ಟೋರು ಅಂತ ಬಿಟ್ಟಿದ್ದೆ. ತಮ್ಮನ್ನ ಹೋಗೋ ಬಾರೋ ಅಂತಾರೆ. ಹೇಳೋಕೇ ನಾಚಿಕೆ.”

ಕುಲಪತಿಗಳು ಪೆನ್ನಿನ ಮುಚ್ಚಳ ತೆಗೆದು, ದೂರಿಗೆಂದು ಪ್ರಿಂಟು ತೆಗೆಸಿದ್ದ ಹಾಳೆ ಮಗುಚಿದರು. ಕಾರಂಜಿ ಉದ್ಘಾಟನೆಯ ಫೋಟೋದ ಕೆಳಗೆ ಆ ಅಕೌಂಟು ಬರೆದಿತ್ತು: ‘ಕಾಲರ್ ಮಡಚ್ಕೊಂಡಿದೆ, ಸರಿಮಾಡ್ಕೋ.’ ವಿಚಾರ ಸಂಕಿರಣದ ಕೆಳಗೆ: ‘ಮಾತು ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯ್ತು. ಊಟಕ್ಕೆ ಬರ್ತೀಯಾ?’ ಇನ್ನೊಂದರ ಕೆಳಗೆ ಯಾರೋ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಬಿಸಿನೀರಿಲ್ಲ, ಯಾರಿಗೆ ಹೇಳೋದು ಎಂದು ಗೋಳಾಡಿದ್ದ. ಅದಕ್ಕೆ ಉತ್ತರ: ‘ಲೈನಲ್ಲಿರಿ ಮಗು, ವಾರ್ಡನ್ ನಂಬರ್ ಹುಡುಕಿ ಕೊಡ್ತೀನಿ.’ ಆಮೇಲೆ ನಂಬರೂ ಇತ್ತು. ‘ಈ ಪುಟದಲ್ಲಿ ಉತ್ತರ ಕೊಡೋರೂ ಇದ್ದಾರಾ!’ ಎಂದು ಒಬ್ಬ ಬೆರಗಾಗಿದ್ದ. ಅಲ್ಲಿಂದ ಮುಂದೆ ಹುಡುಗರು ಆ ಅಕೌಂಟನ್ನು ‘ಆಪರೇಟರಮ್ಮ’ ಎಂದೇ ಕರೆದಿದ್ದರು. ಪ್ರತಿ ಪೋಸ್ಟಿನ ಕೆಳಗೂ ಅವರ ಪ್ರಶ್ನೆಗಳ ನಡುವೆ ಅದೇ ಮಾತು: ‘ಊಟಕ್ಕೆ ಬರ್ತೀಯಾ?’

ಕುಲಪತಿಗಳು ಪೆನ್ನಿನ ಮುಚ್ಚಳ ಹಾಕಿದರು. ಅವರ ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ‘ನಂಬರ್ ಹೇಳಿ’ ಎಂದು ಕೇಳಿ ಕರೆ ಜೋಡಿಸುವ ಆಪರೇಟರ್ ಆಗಿದ್ದವಳು. ಶಾಲೆ ಬಿಟ್ಟ ಮೇಲೆ ಅವರು ಅವಳ ಬೆನ್ನ ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತ ಕಾಯುತ್ತಿದ್ದರು. ಲೈನು ಸಿಗದಿದ್ದರೆ ಉಳಿದ ಆಪರೇಟರುಗಳು ಸುಮ್ಮನಿದ್ದುಬಿಡುತ್ತಿದ್ದರು. ಅಮ್ಮ ಮಾತ್ರ ಮತ್ತೆ ಮತ್ತೆ ಕರೆ ಮಾಡಿದವರ ಲೈನಿಗೆ ಬಂದು, “ಇನ್ನೂ ಸಿಕ್ಕಿಲ್ಲ, ಲೈನಲ್ಲಿರಿ” ಎನ್ನುತ್ತಿದ್ದಳು. ಯಾಕಮ್ಮ ಎಂದರೆ, “ಆ ಕಡೆ ಯಾರೋ ರಿಸೀವರ್ ಹಿಡ್ಕೊಂಡು ನಿಂತಿರ್ತಾರಲ್ಲೋ” ಎನ್ನುತ್ತಿದ್ದಳು.

“ಸಹಿ, ಸರ್?” ಎಂದ ಪಿಆರ್‌ಓ.

“ಸ್ವಲ್ಪ ಇರಪ್ಪ” ಎಂದು ಕುಲಪತಿಗಳು ಎದ್ದು, ಬೇಲಿ ದಾಟಿ ಮನೆಗೆ ಹೋದರು.

ಅಮ್ಮ ಹಿಂಬದಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಫೋನು ಮಂಚದ ಮೇಲೆ ಬೋರಲು ಬಿದ್ದಿತ್ತು.

“ಏನೋ ಇಷ್ಟು ಹೊತ್ತಿಗೆ? ಮೈ ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ಅಮ್ಮ, ‘ನಂಬರ್ ಹೇಳಿ’ ಅಂದ್ರೆ ನೀನೇನಾ?”

“ಇನ್ಯಾರು? ನಿನ್ನೆಯಿಂದ ನಿನ್ನ ಪುಟ ತೆಗೆಯೋಕೇ ಬರ್ತಿಲ್ಲ. ಫೋನು ಕೆಟ್ಟಿದೆ ಅನ್ಕೊಂಡೆ. ನಿನ್ನ ಹೆಂಡ್ತಿ ನೋಡಿ, ಕೆಟ್ಟಿಲ್ಲ ಅತ್ತೆ, ನಿಮ್ಮನ್ನ ಬ್ಲಾಕ್ ಮಾಡಿದ್ದಾರೆ ಅಂದ್ಲು.”

“ನಾನಲ್ಲಮ್ಮ ಮಾಡಿದ್ದು, ಆಫೀಸಿನವರು.”

“ಹೆಸರು ನಿಂದು, ಫೋಟೋ ನಿಂದು. ಬಾಗಿಲು ಹಾಕೋನು ಮಾತ್ರ ಬೇರೆಯವನಾ?”

ಕುಲಪತಿಗಳಿಗೆ ಸ್ವಲ್ಪ ಸಿಟ್ಟೂ ಬಂತು. “ಅದು ಸರಿ, ಲೈಬ್ರರಿ ತೆಗೆಸ್ತೀನಿ ಅಂತ ನಾನ್ಯಾವಾಗ ಹೇಳ್ದೆ? ನನ್ನ ಕೇಳದೆ ನೀನು ಹಾಗೆ ಬರೆಯಬಹುದಾ?”

“ಕೇಳದೆ ಬರೆದ್ನಾ? ಶನಿವಾರ ನೀನು ಶೂ ಹಾಕ್ಕೊಳ್ಳುವಾಗ ಕೇಳ್ದೆ. ಮಕ್ಕಳಿಗೆ ಪರೀಕ್ಷೆ ಹತ್ರ ಬಂತು, ಭಾನುವಾರ ಲೈಬ್ರರಿ ತೆಗೆಸ್ತೀಯೇನೋ ಅಂದೆ. ನೀನು ಹೂಂ ಅಂದೆ. ಸರಿಯಾಗಿ ಕೇಳಿಸ್ತೋ ಇಲ್ವೋ ಅಂತ ಇನ್ನೊಂದ್ಸಲ ಕೇಳ್ದೆ. ಹೂಂ ಹೂಂ, ಆಗ್ಲಿ ಅಂದೆ ನೀನು.”

ಕುಲಪತಿಗಳಿಗೆ ಶೂ ನೆನಪಾಯಿತು. ಒಂದು ಕೈಯಲ್ಲಿ ಲೇಸು, ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ಕಾರಂಜಿಯ ಫೋಟೋಗೆ ಏರುತ್ತಿದ್ದ ಲೈಕುಗಳು. ಬಾಗಿಲ ಹತ್ತಿರ ಅಮ್ಮ ಏನೋ ಅಂದಿದ್ದಳು. ಏನೆಂದು ಕೇಳಿದರೆ ದೇವರಾಣೆಗೂ ಗೊತ್ತಿಲ್ಲ.

“ಬ್ಲಾಕ್ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ” ಎಂದಳು ಅಮ್ಮ. “ಆ ಮಕ್ಕಳು ನನ್ನ ಮಾತು ನಂಬಿ ಬಂದ್ರು. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತು ಓದಿದ್ರಂತೆ. ಈಗ ತಪ್ಪಾಯ್ತು ಅಂತ ಹೇಳೋಕೂ ನಂಗೆ ಲೈನಿಲ್ಲ.” ಅಷ್ಟು ಹೇಳಿ, ಮಗನ ಕಡೆ ನೋಡದೆ ಕಿಟಕಿಯ ಕಡೆ ತಿರುಗಿದಳು.

ಕುಲಪತಿಗಳಿಗೆ ನಾಚಿಕೆಯಾಯಿತು. ಊರಿಗೆಲ್ಲ ಕಾಣಿಸಿಕೊಂಡವರನ್ನು ಒಂದೇ ಸೂರಿನಡಿಯ ತಾಯಿ ಕಾಮೆಂಟಿನಲ್ಲಿ ಊಟಕ್ಕೆ ಕರೆಯುವ ಹಾಗಾಗಿತ್ತು. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ಮಂಚದ ಮೇಲೆ ಕೂತು, ಈಗಲೇ ಬರೆಯುತ್ತೇನೆಂದು ಜೇಬಿನಿಂದ ಫೋನು ತೆಗೆದರು. ಪುಟ ಪಾಸ್‌ವರ್ಡ್ ಕೇಳಿತು. ತಮ್ಮದೇ ಪುಟದ ಪಾಸ್‌ವರ್ಡ್ ಅವರಿಗೆ ಗೊತ್ತಿರಲಿಲ್ಲ. ಪಿಆರ್‌ಓಗೆ ಬುಲಾವು ಹೋಯಿತು.

ಅವನು ಏದುಸಿರು ಬಿಡುತ್ತ ಬಂದು, ವಿಷಯ ತಿಳಿದು, ನಾಲಿಗೆ ಕಚ್ಚಿಕೊಂಡು ಬಾಗಿಲಲ್ಲೇ ನಿಂತ.

“ನನ್ನ ಲೈನ್ ಕಿತ್ತೋನು ನೀನೇನಪ್ಪಾ? ಬಾ, ಕೂತ್ಕೋ” ಎಂದಳು ಅಮ್ಮ. “ನಿಂದೊಬ್ಬನದೇ ತಪ್ಪಲ್ಲ. ನಾನ್ಯಾರು ಅಂತ ನಾನೂ ಹೇಳಿರಲಿಲ್ಲ. ಆದ್ರೆ ಕಟ್ ಮಾಡೋಕೆ ಮುಂಚೆ, ಯಾರು ಮಾತಾಡ್ತಿರೋದು ಅಂತ ಒಂದು ಮಾತು ಕೇಳ್ಬೇಕು.”

ಪಿಆರ್‌ಓ ಕೂತವನೇ ತನಗೆ ಬರುವ ವಿದ್ಯೆ ತೋರಿಸಿದ. “‘ತಾಂತ್ರಿಕ ಕಾರಣಗಳಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಅಂತ ಹಾಕೋಣ ಸರ್.”

“ನಾನು ಹೂಂ ಅಂದಿದ್ರಲ್ಲಿ ತಾಂತ್ರಿಕ ಏನು ಬಂತಯ್ಯಾ?” ಎಂದರು ಕುಲಪತಿಗಳು. ತಾವೇ ಬರೆಯಲು ಹೋದರು. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಯಿತು.

“ಇದನ್ನ ಓದಿ ಮುಗಿಸೋದ್ರೊಳಗೆ ಮಕ್ಕಳ ಪರೀಕ್ಷೆನೇ ಮುಗಿಯುತ್ತೆ” ಎಂದಳು ಅಮ್ಮ. ಅಳಿಸಿ, ಬರುವ ಭಾನುವಾರ ತೆಗೆಯುತ್ತೇವೆಂದು ಬರೆದಾಗ ಅವಳು ಮಗನ ಕೈ ಹಿಡಿದಳು. “ಲೈಬ್ರರಿಯವರನ್ನ ಕೇಳ್ದ್ಯಾ? ಅವರಿಗೂ ಮನೆ ಇಲ್ವೇನೋ? ನಾನು ಅವಸರ ಮಾಡಿ ಕೆಟ್ಟೆ, ನೀನೂ ಹಾಗೆ ಮಾಡ್ಬೇಡ.”

ಕುಲಪತಿಗಳು ಗ್ರಂಥಪಾಲಕಿಗೆ ಫೋನ್ ಮಾಡಿದರು. ಕುಲಪತಿಗಳೇ ಫೋನ್ ಮಾಡಿದ್ದಾರೆಂದು ಆಕೆಗೆ ಮೊದಲು ನಂಬಿಕೆಯೇ ಬರಲಿಲ್ಲ. ಬೇರೆ ದಿನ ರಜೆ ಕೊಟ್ಟರೆ ಭಾನುವಾರ ಬೆಳಿಗ್ಗೆ ತೆಗೆಯಬಹುದು, ಸಂಜೆ ಆಗುವುದಿಲ್ಲ ಎಂದಳು. ಕುಲಪತಿಗಳು ಒಪ್ಪಿದರು. ಆಮೇಲೆ ಬರೆದದ್ದು ಇಷ್ಟು:

‘ಭಾನುವಾರ ಬನ್ನಿ ಎಂದು ನಿಮ್ಮನ್ನು ಕರೆದ ಆಪರೇಟರಮ್ಮ ನನ್ನ ತಾಯಿ. ಅವರು ಸುಳ್ಳು ಹೇಳಲಿಲ್ಲ. ನನ್ನನ್ನು ಕೇಳಿದರು, ನಾನು ಕಿವಿಗೊಡದೆ ಹೂಂ ಅಂದೆ. ತಪ್ಪು ನನ್ನದು. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಬೆಳಿಗ್ಗೆ ಗ್ರಂಥಾಲಯ ತೆರೆದಿರುತ್ತದೆ, ಸಂಜೆ ಇಲ್ಲ. ಉಳಿದದ್ದನ್ನು ಇಲ್ಲೇ ಕೇಳಿ, ಓದುತ್ತೇನೆ.’

ಕೇಳಿದರು. ಬೈದರು ಕೂಡ. ‘ಹಾಸ್ಟೆಲಿನ ದೀಪ ತಿಂಗಳಿಂದ ಇಲ್ಲ, ಅದಕ್ಕೂ ಹೂಂ ಅಂತೀರಾ?’ ಎಂದ ಒಬ್ಬ. ಕುಲಪತಿಗಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿದರು. ಕೆಲವು ಕಲ್ಲುಗಳು ಹಲ್ಲಿಗೆ ಸಿಕ್ಕವು, ಸಹಿಸಿದರು. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟರು, ಗೊತ್ತಿಲ್ಲದ್ದಕ್ಕೆ ವಿಚಾರಿಸಿ ಹೇಳುತ್ತೇನೆ ಎಂದರು. ಆದರೆ ಹೆಚ್ಚಿನವರದು ಒಂದೇ ಹಟ, ಆಪರೇಟರಮ್ಮನನ್ನು ವಾಪಸ್ ಕರೆಸಿ ಎಂದು. ಪಿಆರ್‌ಓ ತಲೆ ತಗ್ಗಿಸಿ ಬ್ಲಾಕ್ ತೆಗೆದ. ಅಮ್ಮ ಫೋನು ಎತ್ತಿಕೊಂಡು, ಒಂದೇ ಬೆರಳಲ್ಲಿ, ನಿಧಾನಕ್ಕೆ ಬರೆದಳು: ‘ಲೈನ್ ಬಂತು ಮಕ್ಕಳೇ. ನಿಮ್ಮನ್ನ ಬಿಸಿಲಲ್ಲಿ ಕೂರಿಸಿದೆ, ತಪ್ಪಾಯ್ತು.’ ಅದನ್ನು ಕಳಿಸಿದ ಮೇಲೆಯೇ ಅವಳು ನೀರು ಕುಡಿದದ್ದು.

ಭಾನುವಾರ ಬೆಳಿಗ್ಗೆ ಕುಲಪತಿಗಳು ಗ್ರಂಥಪಾಲಕಿಯ ಜೊತೆ ಬಂದು ನಿಂತರು. ಬಾಗಿಲು ತೆರೆಯುತ್ತಿದ್ದಂತೆ ವಿದ್ಯಾರ್ಥಿಗಳು ಅವರನ್ನು ದಾಟಿಕೊಂಡು ಒಳಗೆ ಹೋದರು. ನಿಂತು ನಮಸ್ಕಾರ ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ, ಒಳ್ಳೆಯ ಜಾಗ ಹಿಡಿಯಬೇಕಿತ್ತು. ಪಿಆರ್‌ಓ ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದ.

“ನಂದು ಬೇಡ, ಬಾಗಿಲಿಂದು ತೆಗಿ” ಎಂದರು.

ತೆರೆದ ಬಾಗಿಲಿನ ಫೋಟೋ ಪುಟಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಅಮ್ಮನ ಸಾಲು ಬಂತು: ‘ನೋಡಿದೆ. ಊಟಕ್ಕೆ ಬರ್ತೀಯಾ?’

ವರ್ಷದಿಂದ ಉತ್ತರವಿಲ್ಲದೆ ಬಿದ್ದಿದ್ದ ಪ್ರಶ್ನೆ. ಕುಲಪತಿಗಳು ಎಲ್ಲರೂ ನೋಡುವ ಹಾಗೆ ಬರೆದರು: ‘ಲೈನಲ್ಲಿರಮ್ಮ, ಬಂದೆ.’

ಬೇಲಿ ದಾಟಿ ಮನೆಗೆ ಹೋಗಿ, ಶೂ ಕಳಚಿ, ಫೋನನ್ನು ಅದರ ಪಕ್ಕದಲ್ಲೇ ಇಟ್ಟು ಊಟಕ್ಕೆ ಕೂತರು. ಅಮ್ಮ ಬಡಿಸಿ ಒಲೆಯ ಕಡೆ ತಿರುಗಿದಳು. ಅಲ್ಲಿಂದಲೇ ಏನೋ ಕೇಳಿದಳು. ಪಾತ್ರೆಯ ಸದ್ದಿನಲ್ಲಿ ಮಾತು ತಿಳಿಯಲಿಲ್ಲ. ಬಾಯಿಗೆ ರೂಢಿಯಾಗಿದ್ದ ಹೂಂ ತುಟಿಯ ತನಕ ಬಂದಿತ್ತು, ಕುಲಪತಿಗಳು ಅದನ್ನು ನುಂಗಿಕೊಂಡರು.

“ಕೇಳಿಸಲಿಲ್ಲಮ್ಮ. ಇನ್ನೊಂದ್ಸಲ ಹೇಳು.”

ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಮಗನ ಮುಖವನ್ನು ಒಂದು ಗಳಿಗೆ ನೋಡಿದಳು.

“ಏನಿಲ್ಲಪ್ಪ, ಇನ್ನೊಂದು ಸೌಟು ಹಾಕ್ಲಾ ಅಂದೆ.”

“ಹಾಕು” ಎಂದು ಅವರು ತಟ್ಟೆ ಮುಂದೆ ಮಾಡಿದರು.