ಎಣ್ಣೆ ಸಿಡಿದದ್ದಲ್ಲ

ಜಪಾನಿನಲ್ಲಿ ಪಿಎಚ್‌ಡಿ ಮಾಡುವವರಿರುವ ಕನ್ನಡದ ಮನೆಗಳಲ್ಲಿ ಸಾರು ಎರಡು ಸಲ ಬಿಸಿಯಾಗುತ್ತದೆ. ಮಾಡಿದಾಗ ಒಮ್ಮೆ, ಲ್ಯಾಬಿಗೆ ಹೋದವರು ಮನೆಗೆ ಬಂದಾಗ ಇನ್ನೊಮ್ಮೆ. ಯಾಕೆ ತಡ ಎಂದರೆ ಉತ್ತರ ಒಂದೇ: "ಸೆನ್ಸೇಯ್ ಇನ್ನೂ ಹೊರಟಿಲ್ಲ." ಪ್ರೊಫೆಸರು ಎದ್ದು ಹೋಗುವ ತನಕ ಇವರು ಕುರ್ಚಿ ಬಿಡುವುದಿಲ್ಲ.

ಅನಸೂಯಾಳ ಮನೆಯಲ್ಲೂ ಇದೇ ಪಾಡು. ಊರಿನ ಹೆಸರು ಇಲ್ಲಿ ಬೇಡ. ಅವಳ ಗಂಡ ಈಶ್ವರ ವಿಶ್ವವಿದ್ಯಾಲಯದಲ್ಲಿ ಆರ್‌ಎ, ಅಂದರೆ ರಿಸರ್ಚ್ ಅಸಿಸ್ಟೆಂಟ್. ತನ್ನ ಓದಿನ ಜೊತೆಗೆ ಸೆನ್ಸೇಯ್ ಪ್ರಾಜೆಕ್ಟಿನಲ್ಲಿ ಗೊತ್ತುಮಾಡಿದಷ್ಟು ಗಂಟೆ ಕೆಲಸ ಮಾಡಬೇಕು, ಅದಕ್ಕೆ ವಿಶ್ವವಿದ್ಯಾಲಯ ಸಂಬಳ ಕೊಡುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಒಪ್ಪಂದ ಹೊಸದಾಗಬೇಕು. ಈಶ್ವರನ ತಲೆಯಲ್ಲಿ ಮಾತ್ರ ಅದು ಸಂಬಳವಲ್ಲ, ಸೆನ್ಸೇಯ್ ಹಾಕಿದ ಭಿಕ್ಷೆ.

ಫೆಬ್ರವರಿಯ ಒಂದು ಸಂಜೆ ಅವನು ಬಲಗೈಯ ತೋರುಬೆರಳು ಹಿಡಿದುಕೊಂಡೇ ಮನೆಗೆ ಬಂದ.

"ಏನಾಯ್ತ್ರೀ?"

"ಗ್ಲೌಸ್ ತೂತಾಗಿತ್ತು ಅನ್ಸುತ್ತೆ. ಆಸಿಡ್ ಒಳಗೆ ಹೋಗಿದೆ. ಆಗ ನೋವೇ ಇರ್ಲಿಲ್ಲ, ಈಗ ತಡ್ಕೊಳಕ್ಕಾಗ್ತಿಲ್ಲ."

"ಸೆನ್ಸೇಯ್‌ಗೆ ಹೇಳಿದ್ರಾ?"

"ಹುಚ್ಚಾ ನಿಂಗೆ? ಲ್ಯಾಬಲ್ಲಿ ಆಕ್ಸಿಡೆಂಟ್ ಅಂದ್ರೆ ದೊಡ್ಡ ರಿಪೋರ್ಟ್ ಆಗುತ್ತೆ. ಅವರು ಎಲ್ಲರ ಮುಂದೆ ತಲೆ ಬಗ್ಗಿಸಿ ಕ್ಷಮೆ ಕೇಳ್ಬೇಕಾಗುತ್ತೆ. ಆಮೇಲೆ ಏಪ್ರಿಲ್‌ನಲ್ಲಿ ನನ್ನ ಇಟ್ಕೋತಾರಾ? ಒಗ್ಗರಣೆ ಹಾಕುವಾಗ ಎಣ್ಣೆ ಸಿಡೀತು ಅನ್ನೋಣ."

ಈಶ್ವರ ಹುಟ್ಟಿದಾಗಿನಿಂದ ಒಗ್ಗರಣೆ ಹಾಕಿದವನಲ್ಲ. ಆದರೂ ಕ್ಲಿನಿಕ್ಕಿನಲ್ಲಿ ಹಾಗೆಯೇ ಹೇಳಿದ. ಅನಸೂಯಾ ಬಾಣಲೆ ಹಿಡಿದಂತೆ ಕೈ ಆಡಿಸಿ ತೋರಿಸಿದಳು. ಡಾಕ್ಟರು ನಂಬಿ, ಸುಟ್ಟ ಗಾಯದ ಮುಲಾಮು ಹಚ್ಚಿ, ಬ್ಯಾಂಡೇಜು ಕಟ್ಟಿ ಕಳಿಸಿದರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಜಪಾನನ್ನೇ ನಡುಗಿಸಿದ ಆ ದೊಡ್ಡ ಭೂಕಂಪ ಆದ ಮೇಲೆ ಇವರ ಬಾಗಿಲ ಪಕ್ಕದಲ್ಲೇ ತುರ್ತುಚೀಲ ಇದೆ. ನೀರು, ಟಾರ್ಚು, ಬಿಸ್ಕತ್ತು ಎಲ್ಲಾ ಸಿದ್ಧ. ನೆಲ ಅಲುಗಿದರೆ ಏನು ಮಾಡಬೇಕೆಂದು ಬಲ್ಲವರಿಗೆ, ಬೆರಳು ಸುಟ್ಟರೆ ಬಾಯಿ ಬಿಡಬೇಕೆಂದು ಗೊತ್ತಾಗಲಿಲ್ಲ.

ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿದರೆ ಬೆರಳ ತುದಿ ಬೂದುಬಣ್ಣಕ್ಕೆ ತಿರುಗಿತ್ತು. ಅವನ ನರಳಾಟ ಕೇಳಿ ಪಕ್ಕದ ಮನೆಯ ಕಾತ್ಯಾಯಿನಿ ಬಂದಳು. ಇದೇ ದೇಶದಲ್ಲಿ ಆರ್‌ಎ ಆಗಿ ದುಡಿದು ಡಾಕ್ಟರೇಟ್ ಪಡೆದವಳು, ಈಗ ಸಂಶೋಧನಾಲಯದಲ್ಲಿ ವಿಜ್ಞಾನಿ.

"ಎಣ್ಣೆ ಸಿಡಿದ್ರೆ ಕೈಮೇಲೆಲ್ಲ ಬೀಳುತ್ತೆ ಈಶ್ವರ. ಒಂದೇ ಬೆರಳಲ್ಲಿ, ಉಗುರಿನ ಅಡಿಗೆ ಹೇಗೆ ಹೋಯ್ತು? ಯಾವ ಆಸಿಡ್ ಹೇಳು."

"ಹೈಡ್ರೋಫ್ಲೋರಿಕ್. ಗಾಜು ತಿನ್ನೋದು."

"ಅಯ್ಯೋ ದೇವ್ರೇ! ಅದು ಮೂಳೆ ತನಕ ಇಳಿಯುತ್ತೆ ಕಣೋ. ಅದರ ಔಷಧೀನೇ ಬೇರೆ. ಸೆನ್ಸೇಯ್‌ಗೆ ಈಗ್ಲೇ ಫೋನ್ ಮಾಡು, ದೊಡ್ಡ ಆಸ್ಪತ್ರೆಗೆ ಹೊರಡು."

"ಅಕ್ಕಾ, ಆರ್‌ಎ ಹೋಗುತ್ತೆ."

"ಯಾರು ಹೇಳಿದ್ದು? ಆರ್‌ಎ ಅಂದ್ರೆ ಕೆಲಸ. ಒಪ್ಪಂದ ನಿಂಗೂ ವಿಶ್ವವಿದ್ಯಾಲಯಕ್ಕೂ ಆಗಿರೋದು, ಸೆನ್ಸೇಯ್ ಜೇಬಿಂದ ಕೊಡ್ತಿಲ್ಲ. ಆ ಕೆಲಸದಲ್ಲಿ ಪೆಟ್ಟಾದ್ರೆ ಕಾರ್ಮಿಕರ ವಿಮೆ. ನಿನ್ನ ಥೀಸಿಸ್ ಕೆಲಸದಲ್ಲಿ ಆದ್ರೆ ವಿದ್ಯಾರ್ಥಿ ವಿಮೆ. ಪೆಟ್ಟಾಯ್ತು ಅಂತ ಹೇಳಿದ್ದಕ್ಕೆ ತೆಗೆಯೋ ಹಾಗಿಲ್ಲ."

"ಕಾಗದದ ಮೇಲೆ ಎಲ್ಲಾ ಇರುತ್ತೆ ಅಕ್ಕ. ಸೆನ್ಸೇಯ್ ಮುಖ ಗಂಟು ಹಾಕ್ಕೊಂಡ್ರೆ ನನ್ನ ಕಥೆ ಮುಗೀತು."

ಅನಸೂಯಾ ಇನ್ನು ಕೇಳುತ್ತ ಕೂರಲಿಲ್ಲ. ಫೋನು ಕಿತ್ತುಕೊಂಡು, "ಸುಮಿಮಾಸೆನ್, ಸೆನ್ಸೇಯ್" ಎಂದು ಕ್ಷಮೆ ಕೇಳಿದವಳೇ, ಬಂದಷ್ಟು ಜಪಾನಿಯಲ್ಲಿ ನಡೆದದ್ದೆಲ್ಲ ಹೇಳಿಬಿಟ್ಟಳು.

ಇವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೊರಿತಾ ಸೆನ್ಸೇಯ್ ಬಾಗಿಲಲ್ಲೇ ನಿಂತಿದ್ದರು. ಕಾಲಲ್ಲಿ ಲ್ಯಾಬಿನ ಚಪ್ಪಲಿ, ಕೈಯಲ್ಲಿ ಒಂದು ಮುಲಾಮಿನ ಟ್ಯೂಬು.

"ಇದು ಸಿಂಕಿನ ಪಕ್ಕದಲ್ಲೇ ಇತ್ತು ಈಶ್ವರ ಸಾನ್. ಈ ಆಸಿಡ್‌ಗೆಂದೇ ಇಟ್ಟದ್ದು. ನಿನ್ನೆ ಯಾಕೆ ಹೇಳಲಿಲ್ಲ?"

ಈಶ್ವರ ದಿನವೂ ಕೈ ತೊಳೆಯುವಾಗ ನೋಡುತ್ತಿದ್ದ ಟ್ಯೂಬೇ ಅದು.

ಡಾಕ್ಟರುಗಳು ಇಂಜೆಕ್ಷನ್ ಕೊಟ್ಟರು, ಮಾಡಬೇಕಾದ್ದೆಲ್ಲ ಮಾಡಿದರು. ಹೊತ್ತು ಮೀರಿತ್ತು. ಬೆರಳನ್ನು ಮೊದಲ ಗೆಣ್ಣಿನವರೆಗೆ ತೆಗೆಯಬೇಕಾಯಿತು.

ಆಸ್ಪತ್ರೆಯ ಖರ್ಚನ್ನು ವಿಮೆ ನೋಡಿಕೊಂಡಿತು. ಸೆನ್ಸೇಯ್ ಮುಖ ಗಂಟು ಹಾಕಿಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ಆರ್‌ಎ ಮುಂದುವರಿಯಿತು. ಈಗ ಅನ್ನಕ್ಕೆ ಸಾರು ಕಲಸಲು ಈಶ್ವರನಿಗೆ ಚಮಚ ಬೇಕು. ಅನಸೂಯಾ ಅದನ್ನು ತಟ್ಟೆಯ ಪಕ್ಕ ಇಡುತ್ತಾಳೆ. ಹೊಸದಾಗಿ ಲ್ಯಾಬು ಸೇರುವ ಹುಡುಗ ಹುಡುಗಿಯರು ಮನೆಗೆ ಬಂದರೆ, ಅವನು ಮೊದಲು ಆ ಕೈಯನ್ನೇ ಮುಂದೆ ಚಾಚುತ್ತಾನೆ. "ನೋಡ್ಕೊಳ್ಳಿ. ಹೇಳಿದ್ರೆ ಕೆಲಸ ಹೋಗುತ್ತೆ ಅಂದ್ಕೊಂಡಿದ್ದೆ" ಅನ್ನುತ್ತಾನೆ.

ಇದನ್ನು ಓದುತ್ತಿರುವ ನೀವು ಆರ್‌ಎ ಇರಬಹುದು, ಟಿಎ ಆಗಿ ಪಾಠಕ್ಕೆ ನೆರವಾಗುತ್ತಿರಬಹುದು, ಇಲ್ಲವೇ ಮನೆಯಲ್ಲಿ ಸಾರು ಬಿಸಿಮಾಡಿಕೊಂಡು ಕಾಯುತ್ತಿರಬಹುದು. ಇವತ್ತೇ ಒಪ್ಪಂದ ತೆಗೆದು ಓದಿ. ಜಪಾನಿ ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ. ಎಷ್ಟು ಗಂಟೆ, ಯಾವ ಕೆಲಸ, ಪೆಟ್ಟಾದರೆ ಯಾವ ವಿಮೆ ಎಂದು ನಿಮ್ಮ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೇಳಿ. ಎಲ್ಲ ಕಡೆ ನಿಯಮ ಒಂದೇ ಇರುವುದಿಲ್ಲ. ಲ್ಯಾಬಿನಲ್ಲಿ ಏನೇ ಆದರೂ ಆ ಗಳಿಗೆಯಲ್ಲೇ ಹೇಳಿ, ಡಾಕ್ಟರ ಮುಂದೆ ನಿಜವನ್ನೇ ಹೇಳಿ.

ಒಪ್ಪಂದ ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗುತ್ತದೆ. ಬೆರಳು ಆಗುವುದಿಲ್ಲ.